ನೀವು ಕೇಳಲಿಲ್ಲ, ನಾನು ಹೇಳಲಿಲ್ಲ: ತಲೆಗೆ ಬಿದ್ದ ಒಂದು ಪೆಟ್ಟಿನ ವಿಚಾರ

ಕೆಲಸಗಾರರ ಆರೋಗ್ಯ ಮಂಡಳಿಯ ಮುಖ್ಯ ವೈದ್ಯಾಧಿಕಾರಿಗಳಿಗೆ,

ಮಾನ್ಯರೇ,

ತಲೆಗೆ ಪೆಟ್ಟು ಬಿದ್ದು ಐದು ತಿಂಗಳು ಮನೆಯಲ್ಲಿದ್ದ ನನ್ನನ್ನು ನಿಮ್ಮ ಮಂಡಳಿ ನಾಲ್ಕೇ ನಿಮಿಷದಲ್ಲಿ ಪರೀಕ್ಷಿಸಿ ‘ಭಾರ ಎತ್ತುವ ಕೆಲಸಕ್ಕೆ ಸಂಪೂರ್ಣ ಅರ್ಹ’ ಎಂದು ಬರೆದುಕೊಟ್ಟಿತು. ನಾನು ಅರ್ಹನಾಗಿರಲಿಲ್ಲ. ಅದು ನಿಮಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ನಮ್ಮಿಬ್ಬರ ಈ ಸಭ್ಯತೆಯ ನಡುವೆ ಸಿಕ್ಕಿ ನಜ್ಜುಗುಜ್ಜಾದದ್ದು ನನ್ನ ಜೊತೆಗಾರನ ಬಲಗೈ.

ಇದನ್ನೆಲ್ಲ ಬರೆದು ಎರಡು ತಿಂಗಳ ಹಿಂದೆ ನಿಮಗೆ ಮನವಿ ಕೊಟ್ಟಿದ್ದೆ. ನಿಮ್ಮ ಕಚೇರಿಯಿಂದ ಉತ್ತರವೂ ಬಂತು. ‘ಅರ್ಜಿದಾರರ ತಲೆಯ ಗಾಯಕ್ಕೂ ಅವರು ನಮೂದಿಸಿರುವ ಖಾಸಗಿ ತೊಂದರೆಗೂ ಸಂಬಂಧವಿರುವುದಾಗಿ ಕಂಡುಬರುವುದಿಲ್ಲ. ಮನವಿಯನ್ನು ವಿಲೇವಾರಿ ಮಾಡಲಾಗಿದೆ.’ ಖಾಸಗಿ ತೊಂದರೆ! ಎಂಥ ಮರ್ಯಾದಸ್ಥ ಮಾತು. ನನ್ನ ತೊಂದರೆಗೆ ಒಂದು ಹೆಸರಿದೆ ಸ್ವಾಮಿ. ಟೆಸ್ಟೋಸ್ಟೆರಾನ್ ಕೊರತೆ. ಬೀದಿಯ ಭಾಷೆಯಲ್ಲಿ ಅದಕ್ಕೆ ಇನ್ನೂ ನಾಲ್ಕಾರು ಹೆಸರಿವೆ. ಅವನ್ನೆಲ್ಲ ನಾನು ಕೇಳಿದ್ದೇನೆ, ಕೆಲವನ್ನು ಬೇರೆಯವರ ಮೇಲೆ ಪ್ರಯೋಗಿಸಿ ನಕ್ಕಿದ್ದೇನೆ ಕೂಡ. ಈಗ ನಗುವ ಸರದಿ ನನ್ನದಲ್ಲ. ನೀವು ಖಾಸಗಿ ಎಂದು ಮುಚ್ಚಿಟ್ಟದ್ದನ್ನು ನಾನೇ ಪತ್ರಿಕೆಯಲ್ಲಿ ಬಿಚ್ಚಿಡುತ್ತಿದ್ದೇನೆ. ಬರೆಯುವಾಗ ಕಿವಿ ಬಿಸಿಯಾಗುತ್ತಿದೆ, ಎರಡು ಸಲ ಹಾಳೆ ಹರಿದು ಬಿಸಾಡಿದ್ದೇನೆ. ಇದು ಮೂರನೆಯದು.

ನಾನು ಗಾಜಿನ ಕೆಲಸದವನು. ವಯಸ್ಸು ನಲವತ್ತೆರಡು. ಅಂಗಡಿಗಳ ಮುಂಭಾಗಕ್ಕೆ, ಕಚೇರಿಗಳ ಅಡ್ಡಗೋಡೆಗೆ, ಮಹಡಿಯ ಕಿಟಕಿಗಳಿಗೆ ಆಳೆತ್ತರದ ಗಾಜು ಕೂರಿಸುವುದು ನನ್ನ ಕಸುಬು. ಈ ಕೆಲಸ ಒಬ್ಬನಿಂದ ಆಗುವಂಥದ್ದಲ್ಲ. ಗಾಜಿನ ಎರಡು ತುದಿಗೆ ಇಬ್ಬರು ನಿಂತು, ರಬ್ಬರಿನ ಹಿಡಿಕೆಗಳನ್ನು ಅಂಟಿಸಿ, ಒಟ್ಟಿಗೆ ಎತ್ತಿ, ಒಟ್ಟಿಗೆ ಹೆಜ್ಜೆ ಹಾಕಬೇಕು. ಒಬ್ಬನ ಉಸಿರು ಭಾರವಾದರೆ ಇನ್ನೊಬ್ಬನಿಗೆ ಅಂಗೈಯಲ್ಲೇ ಗೊತ್ತಾಗಬೇಕು. ನನ್ನ ಜೊತೆಗಾರ ನನಗಿಂತ ಎಂಟು ವರ್ಷ ಚಿಕ್ಕವನು. ಅವನಿಗೆ ನಾವೆಲ್ಲ ಇಟ್ಟ ಹೆಸರು ಮೌನಿ. ಅವನು ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲ, ಅದಕ್ಕೆ. ಹನ್ನೊಂದು ವರ್ಷ ಅವನು ಒಂದು ತುದಿ, ನಾನು ಒಂದು ತುದಿ. ನನ್ನ ಹೆಂಡತಿಯ ಮುಖಕ್ಕಿಂತ ಹೆಚ್ಚು ಹೊತ್ತು ಅವನ ಮುಖವನ್ನೇ ನೋಡಿದ್ದೇನೆ, ಅದೂ ಗಾಜಿನ ಮೂಲಕ.

ಪೆಟ್ಟು ಬಿದ್ದದ್ದು ತೀರಾ ಸಾಧಾರಣ ರೀತಿಯಲ್ಲಿ. ಲಾರಿಯ ಮೇಲೆ ನಿಂತು ಗಾಜಿನ ಕಟ್ಟು ಬಿಚ್ಚುತ್ತಿದ್ದೆ. ಎಳೆದು ಹಿಡಿದಿದ್ದ ಹಗ್ಗ ತುಂಡಾಯಿತು. ನಾನು ಹಿಮ್ಮುಖವಾಗಿ ಸಿಮೆಂಟ್ ನೆಲಕ್ಕೆ ಬಿದ್ದೆ. ಆಳೆತ್ತರವೂ ಇಲ್ಲದ ಜಾಗದಿಂದ. ತಲೆಬುರುಡೆಯ ಹಿಂಭಾಗದಲ್ಲಿ ಕೂದಲೆಳೆಯಷ್ಟು ಬಿರುಕು, ಒಳಗೆ ಸ್ವಲ್ಪ ರಕ್ತ, ಒಂಬತ್ತು ದಿನ ಆಸ್ಪತ್ರೆ. ಮೌನಿ ಮಂಚದ ಪಕ್ಕ ಕೂತು, “ಅಣ್ಣಾ, ಇಷ್ಟು ವರ್ಷದಲ್ಲಿ ಒಂದು ಗಾಜೂ ಒಡೀಲಿಲ್ಲ ನೀನು. ಈಗ ನೋಡು, ತಲೆನೇ ಒಡ್ಕೊಂಡೆ” ಅಂದ. ನಗಲು ಹೋಗಿ ವಾಂತಿಯಾಯಿತು. ನನ್ನ ಹೆಂಡತಿ ಅವನನ್ನು ಬೈದು ಹೊರಗೆ ಕಳಿಸಿದಳು.

ಗಾಯ ಮಾಗಿತು. ಆದರೆ ಮನೆಗೆ ಬಂದವನು ಮೊದಲಿನವನಾಗಿರಲಿಲ್ಲ. ಬೆಳಿಗ್ಗೆ ಎದ್ದರೆ ರಾತ್ರಿಯೆಲ್ಲ ಗಾಜು ಹೊತ್ತವನಂತೆ ಸುಸ್ತು. ದಿನ ಬಿಟ್ಟು ದಿನ ತೆಗೆಯುತ್ತಿದ್ದ ಗಡ್ಡವನ್ನು ವಾರಕ್ಕೊಮ್ಮೆ ತೆಗೆದರೂ ಸಾಕಾಗುತ್ತಿತ್ತು. ತೋಳು ತೆಳ್ಳಗಾಯಿತು, ಹೊಟ್ಟೆ ಮುಂದೆ ಬಂತು. ಸುಮ್ಮಸುಮ್ಮನೆ ಮೈ ಬಿಸಿಯೇರಿ ಬೆವರುತ್ತಿತ್ತು. ರೇಡಿಯೋದಲ್ಲಿ ಯಾರೋ ಕಳೆದುಹೋದ ನಾಯಿಯ ಬಗ್ಗೆ ಹೇಳಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಹೆಂಡತಿಯ ಮೇಲಿನ ಆಸೆ ಇದ್ದಕ್ಕಿದ್ದಂತೆ ನಿಂತೇ ಹೋಯಿತು. ಕಡಿಮೆಯಾದದ್ದಲ್ಲ, ನಿಂತದ್ದು. ಯಾರೋ ಬಂದು ಸ್ವಿಚ್ ಆರಿಸಿ ಹೋದ ಹಾಗೆ. ಇದನ್ನು ನಾನು ಯಾರಿಗೆ ಹೇಳಲಿ? ತಲೆಗೆ ಪೆಟ್ಟು ಬಿದ್ದರೆ ತಲೆ ನೋಯುತ್ತದೆ ಎಂದು ಎಲ್ಲರಿಗೂ ಗೊತ್ತು. ತಲೆಗೆ ಬಿದ್ದ ಪೆಟ್ಟು ಸೊಂಟದ ಕೆಳಗೆ ಇಳಿಯುತ್ತದೆ ಎಂದು ಹೇಳಿದರೆ ನಂಬುವವರು ಯಾರು?

ಇಂಥ ಸ್ಥಿತಿಯಲ್ಲಿ ನಾನು ನಿಮ್ಮ ಮಂಡಳಿಯ ಮುಂದೆ ಬಂದದ್ದು.

ಮಾನ್ಯರೇ, ನಿಮ್ಮ ಪರೀಕ್ಷೆಯ ಕೋಣೆಯನ್ನು ನೀವು ಹೊರಗಿನ ಬೆಂಚಿನಿಂದ ನೋಡಿರಲಾರಿರಿ. ನಾನು ನೋಡಿದ್ದೇನೆ. ಅದಕ್ಕೆ ಬಾಗಿಲಿಲ್ಲ. ಒಂದು ಪರದೆ ಇದೆ, ಅದರ ಉಂಗುರಗಳಲ್ಲಿ ಅರ್ಧ ಕಿತ್ತುಹೋಗಿ ಪರದೆ ಒಂದು ಕಡೆಗೆ ಜೋತುಬಿದ್ದಿದೆ. ಬೆಂಚಿನ ಮೇಲೆ ಹದಿನಾಲ್ಕು ಗಂಡಸರು, ಕೈಗೆ ಪಟ್ಟಿ ಕಟ್ಟಿದವರು, ಊರುಗೋಲಿನವರು. ನಿಮ್ಮ ಗುಮಾಸ್ತರಿಗೆ ದೇವರು ಒಳ್ಳೆಯ ಗಂಟಲು ಕೊಟ್ಟಿದ್ದಾನೆ. ಅವರು ಕೇಳುವ ಪ್ರತಿ ಪ್ರಶ್ನೆಯೂ ರಸ್ತೆಯ ಆಚೆಬದಿಗೆ ಕೇಳುತ್ತದೆ.

“ತಲೆನೋವು?”

“ಆಗಾಗ.”

“ತಲೆಸುತ್ತು?”

“ಇಲ್ಲ ಸಾರ್.”

“ಬೇರೆ ಏನಾದ್ರೂ?”

ಬೆಂಚಿನಲ್ಲಿದ್ದ ಹದಿನಾಲ್ಕು ಜೋಡಿ ಕಿವಿ ನನ್ನ ಬೆನ್ನಿಗೆ ಅಂಟಿದ್ದವು. ಅವರಲ್ಲಿ ಇಬ್ಬರು ನಮ್ಮ ಗಾಜಿನ ಅಂಗಡಿಗೇ ಚೌಕಟ್ಟಿನ ಮರ ಪೂರೈಸುವವರು. ನಾನು “ಏನೂ ಇಲ್ಲ ಸಾರ್, ಆರಾಮಾಗಿದೀನಿ” ಅಂದೆ. ವೈದ್ಯರು ಕಾಗದದಿಂದ ತಲೆ ಎತ್ತದೆ ತಮ್ಮ ಎರಡು ಬೆರಳು ಚಾಚಿ, “ಹಿಡ್ಕೊಂಡು ಒತ್ತಿ” ಅಂದರು. ಪ್ರಾಣ ಒಟ್ಟುಗೂಡಿಸಿ ಒತ್ತಿದೆ. “ಭೇಷ್. ಗಟ್ಟಿಯಾಗಿದೀರಿ” ಎಂದು ಠಸ್ಸೆ ಹೊಡೆದರು. ಎರಡು ಬೆರಳು ಒತ್ತಲು ಬೇಕಾದ ಶಕ್ತಿ, ನೂರು ಕಿಲೋ ಗಾಜು ಹಿಡಿದು ಮೆಟ್ಟಿಲು ಹತ್ತಲು ಸಾಕು ಎಂಬುದು ಯಾವ ಶಾಸ್ತ್ರದಲ್ಲಿದೆಯೋ ನಾನರಿಯೆ.

ಅಲ್ಲಿಂದ ಮುಂದಿನ ಹದಿನಾಲ್ಕು ತಿಂಗಳು ನಾನು ಮಾಡಿದ ಕೆಲಸಗಳಿಗೆ ನಿಮ್ಮನ್ನು ದೂರುವುದಿಲ್ಲ. ಅವು ನನ್ನವೇ.

ನನ್ನ ಹೆಂಡತಿ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ದಿನಕ್ಕೆ ಸಾವಿರ ಜನರ ಸಿಡುಕು ನುಂಗಿ ಮನೆಗೆ ಬಂದು ನಗುವ ಹೆಂಗಸು. ನಾನು ತಲೆನೋವಿನ ನೆಪ ಹೇಳಿ ಮುಂದಿನ ಕೋಣೆಯಲ್ಲಿ ಮಲಗತೊಡಗಿದಾಗ ಅವಳು ದಿಂಬು ತಂದುಕೊಟ್ಟಳು. ತಿಂಗಳುಗಳು ಕಳೆದವು. ಒಂದು ಭಾನುವಾರ ಮಧ್ಯಾಹ್ನ ಒಗೆದ ಬಟ್ಟೆ ಮಡಚುತ್ತ, ಮುಖ ನೋಡದೆ ಕೇಳಿದಳು.

“ರೀ, ಏನಾಗಿದೆ ನಿಮಗೆ? ನನ್ನ ಹತ್ರ ಹೇಳ್ಬಾರ್ದಾ?”

ಕೇಳಿದ ರೀತಿಯಲ್ಲಿ ಒಂದಿಷ್ಟೂ ದೂರು ಇರಲಿಲ್ಲ. ಹೇಳಿಬಿಡಬಹುದಿತ್ತು. ಅದರ ಬದಲು ನನ್ನ ಬಾಯಿಂದ ಬಂದದ್ದು ಇದು: “ನನಗೇನೂ ಆಗಿಲ್ಲ. ನಿನ್ನ ನೋಡಿದ್ರೆ ಮನಸ್ಸಾಗಲ್ಲ, ಅಷ್ಟೇ.”

ಅವಳು ಉಳಿದ ಬಟ್ಟೆಯನ್ನೆಲ್ಲ ಮಡಚಿದಳು, ನನ್ನ ಅಂಗಿಗಳನ್ನು ಮೇಲಿಟ್ಟಳು, ಎದ್ದು ಹೋದಳು. ಮರುವಾರದಿಂದ ರಾತ್ರಿ ಊಟ ಬಿಟ್ಟಳು. ಕೂದಲಿಗೆ ಬಣ್ಣ ಹಚ್ಚಿದಳು. ಕನ್ನಡಿಯ ಮುಂದೆ ನಿಂತು ತನ್ನ ಹೊಟ್ಟೆಯನ್ನು ಒಳಗೆಳೆದು ನೋಡಿಕೊಳ್ಳುವುದನ್ನು ನಾನು ಬಾಗಿಲ ಸಂದಿಯಿಂದ ಕಂಡೆ. ಆ ಕನ್ನಡಿಯನ್ನು ಅಳತೆ ಹಿಡಿದು ಕತ್ತರಿಸಿ ಗೋಡೆಗೆ ಕೂರಿಸಿದವನು ನಾನೇ. ಒಂದು ಮಾತು ಹೇಳಿದ್ದರೆ ಅವಳ ಆ ಯಾತನೆ ಅಲ್ಲೇ ಮುಗಿಯುತ್ತಿತ್ತು. ನಾನು ಚಪ್ಪಲಿ ಮೆಟ್ಟಿ ಹೊರಗೆ ಹೋದೆ.

ಗುಪ್ತರೋಗಕ್ಕೆ ಮದ್ದು ಎಂಬ ಗೋಡೆ ಬರಹ ನಂಬಿ ಔಷಧಿಗೂ ಹೋದೆ. ಯಾರೂ ಗುರುತಿಸಬಾರದೆಂದು ಎರಡು ಬಸ್ಸು ಬದಲಿಸಿ, ಟೋಪಿ ಕಣ್ಣಿನವರೆಗೆ ಎಳೆದುಕೊಂಡು ಒಂದು ಅಂಗಡಿ ಹೊಕ್ಕೆ. ಪಿಸುಗುಟ್ಟಿ ಕೇಳಿದೆ. ಅಂಗಡಿಯವನು, “ಯಾರಿಗೆ ಸಾರ್, ನಿಮಗೇನಾ?” ಅಂದ, ಸಂತೆಯಲ್ಲಿ ಕೂಗುವ ಹಾಗೆ. ಹಿಂದೆ ನಾಲ್ಕು ಜನ ನಿಂತಿದ್ದರು. “ನಮ್ಮ ಭಾವನಿಗೆ” ಅಂದೆ. “ಭಾವನಿಗೆ ಎಷ್ಟು ದಿನದಿಂದ ಹೀಗೆ?” ಅಂದ. “ಗೊತ್ತಿಲ್ಲ, ಕೇಳ್ಕೊಂಡು ಬರ್ತೀನಿ” ಅಂದೆ. ಅಕ್ಕನ ಗಂಡ, ಪಾಪ, ಮೂರು ಮಕ್ಕಳ ತಂದೆ. ನನಗೆ ಗೊತ್ತಿರುವ ಮಟ್ಟಿಗೆ ಅವರಿಗೆ ಮಂಡಿನೋವು ಬಿಟ್ಟರೆ ಬೇರೇನೂ ಇಲ್ಲ. ಕೊನೆಗೆ ಪುಡಿಯ ಡಬ್ಬಿ ತಂದು ತಿಂದದ್ದೂ ಆಯಿತು. ಹೊಟ್ಟೆ ಕೆಟ್ಟದ್ದೊಂದೇ ಅದರ ಫಲ.

ಈಗ ಮೆಟ್ಟಿಲಿನ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲೆಂದೇ ಇಷ್ಟೆಲ್ಲ ಸುತ್ತು ಹಾಕಿದ್ದು, ಇನ್ನು ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಒಬ್ಬ ಹಲ್ಲಿನ ಡಾಕ್ಟರು ಮೊದಲ ಮಹಡಿಯಲ್ಲಿ ಹೊಸ ದವಾಖಾನೆ ತೆರೆಯುತ್ತಿದ್ದರು. ಅವರ ಕೋಣೆಗೆ ಒಂದು ದಪ್ಪ ಗಾಜಿನ ಅಡ್ಡಗೋಡೆ. ಹದಿನೇಳು ಮೆಟ್ಟಿಲು, ಒಂಬತ್ತನೆಯದರಲ್ಲಿ ತಿರುವು. ಮೆಟ್ಟಿಲಲ್ಲಿ ಗಾಜು ಒಯ್ಯುವಾಗ ಕೆಳತುದಿ ಹಿಡಿದವನ ಮೇಲೆ ಹೆಚ್ಚು ಭಾರ ಬೀಳುತ್ತದೆ. ಹನ್ನೊಂದು ವರ್ಷದಿಂದ ಕೆಳತುದಿ ನನ್ನದು. ಹಿರಿಯ, ಗಟ್ಟಿಗ ಎಂಬ ಹೆಸರು ನನಗಿದ್ದದ್ದೇ ಅದರಿಂದ. ಅವತ್ತೂ ಹೋಗಿ ಕೆಳತುದಿಗೆ ನಿಂತೆ. ಐದನೇ ಮೆಟ್ಟಿಲಿಗೇ ತೋಳು ನಡುಗತೊಡಗಿತು. ಮೇಲಿನಿಂದ ಮೌನಿ ತನ್ನ ಹೆಂಡತಿಯ ತಮ್ಮನ ಕಥೆ ಹೇಳುತ್ತಿದ್ದವನು ತಟ್ಟನೆ ನಿಲ್ಲಿಸಿದ. ಗಾಜಿನ ಮೂಲಕ ನನ್ನ ನಡುಕ ಅವನ ಕೈಗೆ ಮುಟ್ಟಿತ್ತು.

“ಅಣ್ಣಾ, ಇಳಿಸಿ ಒಂದ್ ನಿಮಿಷ ಕೂರೋಣ್ವಾ?”

“ಯಾಕೆ?”

“ಕೈ ನಡುಗ್ತಿದೆ ನಿಂದು.”

“ನಂದಲ್ಲ ಕಣೋ, ನಿಂದೇ. ನಡಿ ನಡಿ.”

ಅವನು ನಂಬಿದ. ನನ್ನ ಮಾತನ್ನು ಅವನು ಯಾವತ್ತೂ ನಂಬದೆ ಇದ್ದದ್ದಿಲ್ಲ. ತಿರುವಿನಲ್ಲಿ ನನ್ನ ಬೆರಳುಗಳು ಬಿಚ್ಚಿಕೊಂಡವು. ನಾನು ಬಿಡಲಿಲ್ಲ ಸ್ವಾಮಿ, ಅವೇ ಬಿಚ್ಚಿಕೊಂಡವು. ಗಾಜು ಒಮ್ಮೆಗೇ ನನ್ನ ಕಡೆ ಜಾರಿತು.

ನಮ್ಮ ಕಸುಬಿನಲ್ಲಿ ಮೊದಲ ದಿನ ಕಲಿಸುವ ಪಾಠ ಒಂದೇ. ಜಾರಿದ ಗಾಜನ್ನು ಹಿಡಿಯಬೇಡ, ಬಿಟ್ಟು ದೂರ ಸರಿ. ಮೌನಿಗೆ ಆ ಪಾಠ ಹೇಳಿಕೊಟ್ಟವನು ನಾನು. ಅವನು ಬಿಟ್ಟು ಸರಿಯಬಹುದಿತ್ತು, ಮೇಲಿನ ಮೆಟ್ಟಿಲಲ್ಲಿ ಅವನಿಗೆ ಕೂದಲೂ ಕೊಂಕುತ್ತಿರಲಿಲ್ಲ. ಆದರೆ ಕೆಳಗೆ ನಾನಿದ್ದೆ. ಹಿಡಿಕೆ ಕಿತ್ತುಬಂದರೂ ಅವನು ಬರಿಯ ಅಂಚನ್ನೇ ಬಲಗೈಯಲ್ಲಿ ಅವುಚಿ ಹಿಡಿದ, ನಾನು ಪಕ್ಕಕ್ಕೆ ಉರುಳುವವರೆಗೂ ಹಿಡಿದ. ಗಾಜಿನ ಅಂಚು ಕೈಗವಸನ್ನೂ ಅಂಗೈಯನ್ನೂ ಕೊಯ್ದು ಗೋಡೆಗೆ ಒತ್ತಿ ನಿಂತಿತು. ನಾಲ್ಕು ಬೆರಳುಗಳ ನರಗಳೂ ಕತ್ತರಿಸಿಹೋಗಿದ್ದವು. ಅವನು ಕೂಗಲಿಲ್ಲ. “ನೀನು ಸರಿದ್ಯಾ ಅಣ್ಣಾ?” ಎಂದು ಕೇಳಿದ, ಆಮೇಲೆ ಕೂತುಕೊಂಡ.

ನಮ್ಮ ಕೆಲಸದ ಮೇಸ್ತ್ರಿ ವಿಚಾರಣೆಗೆ ಬಂದರು. “ಹೇಗಾಯ್ತು?” ಅಂದರು. ನಾನು, “ಮೆಟ್ಟಿಲು ಒದ್ದೆ ಇತ್ತು, ಕಾಲು ಜಾರ್ತು” ಅಂದೆ. ಮೆಟ್ಟಿಲು ಒಣಗಿತ್ತು. ಮೇಸ್ತ್ರಿ ಮೌನಿಯ ಕೈಯ ಕಡೆ ನೋಡಿ, “ಜಾರಿದ ಗಾಜು ಇವನು ಯಾಕೆ ಹಿಡಿದ? ಅಷ್ಟೂ ಗೊತ್ತಿಲ್ವಾ?” ಅಂದರು. ನಾನು ನೆಲ ನೋಡಿದೆ. ಆ ವರದಿ ನಿಮ್ಮ ಮಂಡಳಿಗೆ ಬಂತು. ನೀವು ಅದರ ಮೇಲೆ ಬರೆದಿರಿ: ‘ಗಾಯಾಳುವಿನ ಸ್ವಯಂಕೃತ ನಿರ್ಲಕ್ಷ್ಯ. ಸುರಕ್ಷತಾ ನಿಯಮ ಉಲ್ಲಂಘನೆ.’ ನನ್ನ ತಲೆ ಉಳಿಸಿದವನು ನಿಮ್ಮ ಕಡತದಲ್ಲಿ ಅಪರಾಧಿ. ಅವನ ಕೈ ಕಳೆದವನು ನಿಮ್ಮ ಕಡತದಲ್ಲಿ ‘ಸಂಪೂರ್ಣ ಅರ್ಹ’.

ಉರುಳಿ ಬಿದ್ದಾಗ ನನ್ನ ಪಕ್ಕೆಲುಬಿನಲ್ಲಿ ಸಣ್ಣ ಬಿರುಕು ಬಿಟ್ಟಿತ್ತು. ಮೂರು ವಾರವಾದರೂ ನೋವು ಇಳಿಯದೆ ಹೆಂಡತಿಯೇ ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿದ್ದವರು ಕನ್ನಡಕ ಹಾಕಿದ ವಯಸ್ಸಾದ ಡಾಕ್ಟರಮ್ಮ. ಎಕ್ಸ್‌ರೇ ನೋಡಿದರು, ಹಳೆಯ ಚೀಟಿಗಳನ್ನು ನೋಡಿದರು, ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ನನ್ನ ಹೆಂಡತಿಯನ್ನು, “ಒಂದೈದು ನಿಮಿಷ ಹೊರಗಡೆ ಇರ್ತೀರೇನಮ್ಮಾ?” ಎಂದು ಕಳಿಸಿ, ಎದ್ದು ಹೋಗಿ ಬಾಗಿಲು ಹಾಕಿದರು. ಆಮೇಲೆ ಮಳೆ ಬಂತಾ ಎಂದು ಕೇಳುವ ಹಾಗೆ ಕೇಳಿದರು:

“ಗಡ್ಡ ಎಷ್ಟು ದಿನಕ್ಕೊಂದ್ಸಲ ತೆಗೀತೀರಿ?”

ಹೇಳಿದೆ.

“ಮೊದಲು?”

ಅದನ್ನೂ ಹೇಳಿದೆ.

“ಸರಿ. ಗಂಡ ಹೆಂಡತಿ ಸೇರೋದು? ಆಸೆ ಆಗುತ್ತಾ? ಬೆಳಿಗ್ಗೆ ಏಳೋವಾಗ ಮೊದಲಿನ ಹಾಗೆ ಇರುತ್ತಾ?”

ಒಂದೂವರೆ ವರ್ಷದಲ್ಲಿ ಈ ಪ್ರಶ್ನೆ ಕೇಳಿದ ಮೊದಲ ಮನುಷ್ಯರು ಅವರು. ಉತ್ತರ ಹೇಳುವ ಬದಲು ನಾನು ಅತ್ತೆ. ನಲವತ್ತು ದಾಟಿದ ಗಂಡಸು, ಪಕ್ಕೆಲುಬು ಹಿಡಿದುಕೊಂಡು, ಬಿಕ್ಕಿದರೆ ನೋವು, ಬಿಕ್ಕದೆ ಇರಲಾರೆ. ಅವರು ಒಂದು ಲೋಟ ನೀರು ಕೊಟ್ಟು, “ಇದರಲ್ಲಿ ನಿಮ್ಮ ತಪ್ಪೇನಿಲ್ಲ. ರಕ್ತ ನೋಡೋಣ” ಅಂದರು. ಬೆಳಿಗ್ಗೆ ಎಂಟಕ್ಕೆ ಖಾಲಿ ಹೊಟ್ಟೆಯಲ್ಲಿ ಒಂದು ಸಲ, ಕೆಲವು ದಿನ ಬಿಟ್ಟು ಮತ್ತೊಂದು ಸಲ. ಎರಡು ಸಲವೂ ಟೆಸ್ಟೋಸ್ಟೆರಾನ್ ಇರಬೇಕಾದ್ದಕ್ಕಿಂತ ಬಹಳ ಕಡಿಮೆ. ಅದನ್ನು ಹುಟ್ಟಿಸು ಎಂದು ಮಿದುಳು ಕಳಿಸಬೇಕಾದ ಸಂದೇಶವೂ ಕಡಿಮೆ.

ಅವರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಒಂದು ಗ್ರಂಥಿ, ಪಿಟ್ಯೂಟರಿ, ತೆಳ್ಳಗಿನ ದೇಟಿನಲ್ಲಿ ನೇತಾಡುತ್ತದೆ. ಮೈಯ ಎಷ್ಟೋ ಹಾರ್ಮೋನುಗಳಿಗೆ ಅಪ್ಪಣೆ ಹೋಗುವುದು ಅಲ್ಲಿಂದ. ತಲೆ ಜೋರಾಗಿ ಅಪ್ಪಳಿಸಿದಾಗ ಕೆಲವರಿಗೆ ಆ ದೇಟಿಗೋ ಗ್ರಂಥಿಗೋ ಏಟಾಗಬಹುದು. ಹಲವರಿಗೆ ಕೆಲವು ತಿಂಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ, ಕೆಲವರಿಗೆ ಹೋಗುವುದಿಲ್ಲ. ತೋಳಿನ ಬಲ, ಮೂಳೆಯ ಗಟ್ಟಿತನ, ಮನಸ್ಸಿನ ಸ್ಥಿತಿ ಎಲ್ಲಕ್ಕೂ ಅದರ ಬಿಸಿ ತಟ್ಟಬಹುದು.

“ಹಾಗಾದ್ರೆ ಬಿದ್ದಿದ್ದರಿಂದಲೇ ಇದೆಲ್ಲ ಆಗಿದ್ದಾ ಮೇಡಂ?” ಎಂದು ಕೇಳಿದೆ.

“ಖಂಡಿತ ಅದರಿಂದಲೇ ಅಂತ ನಾನು ಬರೆದುಕೊಡಕ್ಕಾಗಲ್ಲ. ಬೇರೆ ಕಾರಣಗಳೂ ಇರುತ್ತವೆ. ತೂಕ, ನಿದ್ದೆ, ಕೆಲವು ನೋವಿನ ಮಾತ್ರೆಗಳು. ಆದರೆ ಸಾಧ್ಯತೆ ಚೆನ್ನಾಗೇ ಇದೆ. ಬಿದ್ದ ಮೇಲೆ ಮೊದಲ ವರ್ಷದಲ್ಲಿ ಯಾರಾದ್ರೂ ಒಂದು ಸಲ ರಕ್ತ ನೋಡಿದ್ರೆ ಹೇಳೋದು ಸುಲಭ ಆಗ್ತಿತ್ತು.”

ಮಾನ್ಯರೇ, ಈ ಕೊನೆಯ ಮಾತನ್ನು ದಯವಿಟ್ಟು ಎರಡು ಸಲ ಓದಿ. ಸಂಬಂಧ ಕಂಡುಬರುವುದಿಲ್ಲ ಎಂದು ನೀವು ಬರೆದಿದ್ದೀರಿ. ಕಂಡುಬರಲು ನೋಡಬೇಕಲ್ಲವೇ? ಕಣ್ಣು ಮುಚ್ಚಿಕೊಂಡು ಕೋಣೆ ಖಾಲಿ ಎನ್ನುವುದು ಯಾವ ವಿಧದ ತಪಾಸಣೆ? ಸಾಕ್ಷ್ಯ ಸಂಗ್ರಹಿಸಬೇಕಾದವರು ನೀವು. ನೀವೇ ಸಂಗ್ರಹಿಸದೆ ಬಿಟ್ಟ ಸಾಕ್ಷ್ಯ ಇಲ್ಲವೆಂಬ ಕಾರಣಕ್ಕೆ ನನ್ನ ಮನವಿ ವಿಲೇವಾರಿ. ನಿಮ್ಮ ಕಚೇರಿಯ ಒಬ್ಬರು ನನಗೆ ಬಾಯಿಮಾತಿನಲ್ಲಿ, “ವಯಸ್ಸಾಯ್ತಲ್ರೀ, ಸಹಜ” ಎಂದರು. ನಲವತ್ತರಲ್ಲಿ ಒಂದು ಮಂಗಳವಾರ ಲಾರಿಯಿಂದ ಬಿದ್ದು ಬುಧವಾರದಿಂದ ವಯಸ್ಸಾದ ಮೊದಲ ಮನುಷ್ಯ ನಾನೇ ಇರಬೇಕು.

ರಕ್ತದ ಫಲಿತಾಂಶ ಕೇಳಿದ ದಿನ ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಕಿಟಕಿಯ ಕಡೆ ತಿರುಗಿ ಕೇಳಿಸಿಕೊಂಡಳು. ಅನುಕಂಪ ಸಿಗುತ್ತದೆ ಎಂದು ಎಲ್ಲೋ ಒಂದು ಕಡೆ ನಾನು ಆಸೆಪಟ್ಟಿದ್ದೆ, ಆ ಆಸೆಗೂ ಈಗ ನಾಚಿಕೆಯಾಗುತ್ತದೆ. ನಮ್ಮ ನಿಲ್ದಾಣ ಬಂದಾಗ ಅವಳು ಇಳಿದು, ಫುಟ್‌ಪಾತಿನಲ್ಲೇ ನಿಂತು ಹೇಳಿದಳು.

“ಕಾಯಿಲೆ ಬಂದಿದ್ದಕ್ಕೆ ನಾನೇನೂ ಅನ್ನಲ್ಲ ರೀ. ಅದನ್ನ ನನ್ನ ಮೈಮೇಲೆ ಹಾಕಿದ್ರಲ್ಲ, ಅದಕ್ಕೆ ಯಾವ ರಕ್ತಪರೀಕ್ಷೆ ಇದೆ?”

ಹನ್ನೆರಡು ದಿನ ನನ್ನೊಡನೆ ಮಾತಾಡಲಿಲ್ಲ. ಹದಿಮೂರನೇ ದಿನ, ಡಾಕ್ಟರಮ್ಮ ಬರೆದುಕೊಟ್ಟಿದ್ದ ಟೆಸ್ಟೋಸ್ಟೆರಾನ್ ಇಂಜೆಕ್ಷನ್ನಿನ ದಿನಾಂಕ ನೆನಪಿಸಿದಳು. ಮಾತು ಮತ್ತೆ ಶುರುವಾದದ್ದು ಹಾಗೆ. ಇಂಜೆಕ್ಷನ್ ಶುರುವಾಗಿ ಎಂಟು ತಿಂಗಳಾಯಿತು. ಪವಾಡವೇನೂ ನಡೆದಿಲ್ಲ. ಮೆಟ್ಟಿಲು ಹತ್ತಿದರೆ ಕಾಲು ಸೋಲುವುದಿಲ್ಲ, ಗಡ್ಡ ಮೂರು ದಿನಕ್ಕೊಮ್ಮೆ ಬೇಡುತ್ತದೆ, ನಾಯಿ ಕಳೆದವರ ಸುದ್ದಿಗೆ ಅಳುವುದು ನಿಂತಿದೆ. ಮುಂದಿನ ಕೋಣೆಯಿಂದ ನನ್ನ ಹಾಸಿಗೆ ಒಳಗೆ ಬಂದಿದೆ. ಅದಕ್ಕಿಂತ ಹೆಚ್ಚು ಹೇಳಲು ಹೆಂಡತಿಯ ಅಪ್ಪಣೆ ಇಲ್ಲ.

ಹೆಂಡತಿಗೆ ಹೇಳಿದ ಮೇಲೂ ಮೌನಿಯ ಮನೆಗೆ ಹೋಗಲು ನನಗೆ ಇನ್ನೂ ಒಂದು ತಿಂಗಳು ಬೇಕಾಯಿತು. ಹೋದಾಗ ಅವನು ಎಡಗೈಯಿಂದ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಅಭ್ಯಾಸ ಮಾಡುತ್ತಿದ್ದ. ಬಲಗೈ ತೊಡೆಯ ಮೇಲೆ ಅರ್ಧ ತೆರೆದುಕೊಂಡು ಬಿದ್ದಿತ್ತು, ಪೂರ್ತಿ ಮುಚ್ಚುವುದಿಲ್ಲ ಈಗ. ಅವನ ಹೆಂಡತಿ ಕುಡಿಯಲು ಬಿಸಿ ಏನಾದರೂ ತರುತ್ತೇನೆಂದು ಒಳಗೆ ಹೋದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಕಾಯಿಲೆ, ಮಂಡಳಿಯಲ್ಲಿ ಹೇಳಿದ ಸುಳ್ಳು, ಮೆಟ್ಟಿಲಲ್ಲಿ ನಡುಗಿದ್ದು ನನ್ನ ಕೈಯೇ ಎಂಬುದು, ಮೇಸ್ತ್ರಿಯ ಮುಂದೆ ನೆಲ ನೋಡಿದ್ದು. ಅವನು ಬೈಯಲಿ ಎಂದು ಕಾದೆ. ಹೊಡೆದಿದ್ದರೆ ಹೊಡೆಸಿಕೊಳ್ಳಲು ಸಿದ್ಧನಾಗಿಯೇ ಹೋಗಿದ್ದೆ. ಅವನು ಬಹಳ ಹೊತ್ತು ಸುಮ್ಮನೆ ಕೂತಿದ್ದ. ಹನ್ನೊಂದು ವರ್ಷದಲ್ಲಿ ಅವನ ಮೌನವನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಅಂದ:

“ಹೇಳಿದ್ರೆ ನಾನೇ ಕೆಳಗಡೆ ಹಿಡೀತಿದ್ದೆ ಅಣ್ಣಾ. ಅಷ್ಟೇ ತಾನೇ ಇದ್ದಿದ್ದು.”

ಈ ಮಾತಿಗೆ ನಿಮ್ಮ ಕಡತದಲ್ಲಿ ಜಾಗವಿದೆಯೇ?

ತುದಿ ಬದಲಾಯಿಸಿಕೊಂಡಿದ್ದರೆ ಮುಗಿಯುತ್ತಿತ್ತು. ನನ್ನ ಗಂಡಸುತನ ಎಂದು ನಾನು ಕಾಪಾಡಿಕೊಂಡದ್ದು ಆ ಕೆಳತುದಿಯನ್ನು. ಅದಕ್ಕಾಗಿ ಕೊಟ್ಟದ್ದು ಇನ್ನೊಬ್ಬನ ಕೈ. ಗಂಡಸುತನ ಎಂದರೆ ಏನೆಂದು ನನಗೆ ಈಗ ಗೊತ್ತಾಗಿದೆ ಎಂದು ಹೇಳಿದರೆ ಅದೂ ಒಂದು ಬಡಾಯಿಯಾದೀತು. ಅಂಚು ಅವುಚಿ ಹಿಡಿದವನಲ್ಲಿ ಅದು ಇತ್ತು, ಕೆಳಗೆ ನಿಂತವನಲ್ಲಿ ಇರಲಿಲ್ಲ ಎಂಬಷ್ಟು ಮಾತ್ರ ಗೊತ್ತು. ಅದಕ್ಕೂ ರಕ್ತದಲ್ಲಿರುವ ಹಾರ್ಮೋನಿಗೂ ಸಂಬಂಧವಿಲ್ಲ. ಈ ಒಂದು ವಿಷಯದಲ್ಲಿ ನಿಮ್ಮ ‘ಸಂಬಂಧ ಕಂಡುಬರುವುದಿಲ್ಲ’ ಎಂಬ ಮಾತು ನಿಜ.

ಹಾಗಾದರೆ ಈಗ ಏನು ಬೇಕು ಎಂದು ಕೇಳುತ್ತೀರಿ. ನನಗಾಗಿ ಏನೂ ಬೇಡ. ನನ್ನ ಜೊತೆಗಾರನ ಕಡತದಲ್ಲಿರುವ ‘ಸ್ವಯಂಕೃತ ನಿರ್ಲಕ್ಷ್ಯ’ ಎಂಬ ಎರಡು ಪದಗಳನ್ನು ಹೊಡೆದುಹಾಕಿ, ಅದರ ಜಾಗದಲ್ಲಿ ನನ್ನ ಹೇಳಿಕೆ ಸೇರಿಸಿ. ಮೇಸ್ತ್ರಿಯ ಎದುರು ಅದನ್ನು ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ನಿಮ್ಮ ಕಚೇರಿಯಲ್ಲಿ ಅದು ಮೇಜಿನಿಂದ ಮೇಜಿಗೆ ತೀರ್ಥಯಾತ್ರೆ ಮಾಡುತ್ತಿದೆ. ತಲೆಗೆ ಪೆಟ್ಟು ಬಿದ್ದವರು ಯಾರೇ ಬರಲಿ, ಕೆಲಸಕ್ಕೆ ಅರ್ಹರೆಂದು ಬರೆಯುವ ಮುನ್ನ ಹಾರ್ಮೋನುಗಳ ರಕ್ತಪರೀಕ್ಷೆ ಮಾಡಿಸಿ, ವರ್ಷ ತುಂಬುವಾಗ ಮತ್ತೊಮ್ಮೆ ಮಾಡಿಸಿ. ಎಲ್ಲರಲ್ಲೂ ಕೊರತೆ ಇರುತ್ತದೆ ಎಂದು ನಾನು ಹೇಳುತ್ತಿಲ್ಲ, ಹೇಳಲು ನಾನು ಡಾಕ್ಟರಲ್ಲ. ಇರಬಹುದು ಎಂಬ ಅನುಮಾನಕ್ಕಾದರೂ ಒಂದು ಸಿರಿಂಜಿನಷ್ಟು ರಕ್ತ ತೆಗೆಯಿರಿ. ಮತ್ತೆ ಆ ಪ್ರಶ್ನೆಗಳನ್ನು ಬಾಗಿಲು ಇರುವ ಕೋಣೆಯಲ್ಲಿ ಕೇಳಿ, ಒಬ್ಬೊಬ್ಬರನ್ನೇ, ಮೆಲ್ಲಗೆ.

ಇದೆಲ್ಲ ಸಮಿತಿ, ಉಪಸಮಿತಿ ಎಂದು ವರ್ಷಗಟ್ಟಲೆ ಹಿಡಿಯುವ ಕೆಲಸ, ನನಗೂ ಗೊತ್ತು. ಒಂದು ಕೆಲಸ ಮಾತ್ರ ಈ ವಾರವೇ ಆಗಬೇಕು. ಹೋದ ಸೋಮವಾರ ನನ್ನ ಮನವಿಯ ಗತಿ ವಿಚಾರಿಸಲು ನಿಮ್ಮ ಕಚೇರಿಗೆ ಬಂದಿದ್ದೆ. ಬೆಂಚಿನಲ್ಲಿ ನನ್ನ ಪಕ್ಕ ಒಬ್ಬರು ಕೂತಿದ್ದರು. ಐವತ್ತರ ಹತ್ತಿರ, ಕ್ರೇನ್ ನಡೆಸುವವರು, ಕಿವಿಯ ಮೇಲೆ ಹೊಲಿಗೆಯ ಗುರುತು. ಮಾತಿಗೆ ಮಾತು ಬಂತು. ಧೈರ್ಯ ಮಾಡಿ ನನ್ನ ಕಥೆ ಹೇಳಿದೆ, ಅಕ್ಕಪಕ್ಕದವರಿಗೆ ಕೇಳಿಸಿದರೂ ಸರಿ ಎಂದು ಹೇಳಿದೆ. ಅವರು ತಮ್ಮ ಚಪ್ಪಲಿಯನ್ನೇ ನೋಡುತ್ತಿದ್ದರು. ಕೊನೆಗೆ ತುಟಿ ಅಲ್ಲಾಡಿಸದೆ, “ನನಗೂ ಹಂಗೇ ಆಗಿದೆ. ಆರು ತಿಂಗಳಾಯ್ತು” ಅಂದರು. “ಒಳಗೆ ಹೇಳ್ಬಿಡಿ, ಯಜಮಾನ್ರೇ” ಅಂದೆ. ಆಗಲಿ ಎಂದು ತಲೆಯಾಡಿಸಿದರು. ಅವರ ಸರದಿ ಬಂತು. ಜೋತುಬಿದ್ದ ಪರದೆಯ ಆಚೆ ಗುಮಾಸ್ತರ ಗಂಟಲು ಏರಿತು. ಮೂರು ನಿಮಿಷದಲ್ಲಿ ಅವರು ‘ಅರ್ಹ’ ಎಂದು ಠಸ್ಸೆ ಬಿದ್ದ ಕಾಗದ ಮಡಚುತ್ತ ಹೊರಗೆ ಬಂದರು, ನನ್ನ ಮುಖ ನೋಡದೆ ಮೆಟ್ಟಿಲಿಳಿದು ಹೋದರು.

ಅವರನ್ನು ನಾನು ದೂಷಿಸಲಾರೆ. ಅವರ ಹೆಸರು ನನಗೆ ಗೊತ್ತಿಲ್ಲ, ನಿಮ್ಮ ದಾಖಲೆಯಲ್ಲಿದೆ. ಆ ಕ್ರೇನಿನ ಕೆಳಗೆ ದಿನವೂ ಎಷ್ಟು ಜನ ನಿಲ್ಲುತ್ತಾರೋ ಅದೂ ನನಗೆ ಗೊತ್ತಿಲ್ಲ. ಅವರನ್ನು ವಾಪಸ್ ಕರೆಸಿ. ಈ ಸಲ ಬೇರೆ ಯಾರೂ ಬೇಡ, ನೀವೇ ಕೂತು ಕೇಳಿ. ಅವರು ಇಲ್ಲ ಎಂದರೆ ತಕ್ಷಣ ಠಸ್ಸೆ ಎತ್ತಬೇಡಿ, ಇನ್ನೊಂದು ಸಲ ಕೇಳಿ.

ಇಂತಿ,
ನಾಚಿಕೆಯ ಬೆಲೆಯನ್ನು ತಡವಾಗಿ, ತಪ್ಪು ಜಾಗದಲ್ಲಿ, ಇನ್ನೊಬ್ಬನ ಕೈಯಿಂದ ತೆತ್ತು ಮುಗಿಸಿದ
ಗಾಜಿನ ಕೆಲಸದವನು
(ನಿಮ್ಮ ಕಡತದ ಪ್ರಕಾರ ಈಗಲೂ ಸಂಪೂರ್ಣ ಅರ್ಹ)